ಬೇಗ ದಣಿಯುವ ಮನಸ್ಸಿನವರಿಗೆ ಗೋಡೆ ಕ್ಯಾಲೆಂಡರ್ ಸಲಹೆ

ನಮಸ್ಕಾರ. ಗದ್ದಲ, ಜನ, ಗಟ್ಟಿ ಮಾತು ಎಲ್ಲವೂ ಬೇಗ ಮನಸ್ಸಿಗೆ ತಾಗುವವರು ಇಲ್ಲಿ ನನ್ನ ಹಾಗೆ ಇನ್ನೂ ಕೆಲವರು ಇದ್ದೀರಿ, ಅಲ್ವಾ? ಇದು ಕಾಯಿಲೆ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಆರನ್ 1990ರ ದಶಕದಿಂದಲೂ ಇದನ್ನು ಹುಟ್ಟುಗುಣ ಎಂದೇ ಹೇಳುತ್ತಾ ಬಂದಿದ್ದಾರೆ.

ನಾನು ಶಿರಸಿಯಲ್ಲಿ ಮನೆಯಿಂದಲೇ ಲೆಕ್ಕ ಬರೆಯುತ್ತೇನೆ, ಚಿತ್ರವನ್ನೂ ಬಿಡಿಸುತ್ತೇನೆ. ಗಂಟೆ ಗಂಟೆಗೆ ವೇಳಾಪಟ್ಟಿ ಹಾಕಿ ನೋಡಿದೆ. ನಾಲ್ಕೇ ದಿನಕ್ಕೆ ಉಸಿರು ಕಟ್ಟಿತು. ಈಗ ಅಡುಗೆಮನೆಯ ಕ್ಯಾಲೆಂಡರ್ ಸಾಕು. ರಾತ್ರಿ ಮಲಗುವ ಮುಂಚೆ ಆ ದಿನದ ಚೌಕದಲ್ಲಿ ಒಂದು ಚುಕ್ಕಿ. ಮನಸ್ಸು ತುಂಬಿದ ದಿನಕ್ಕೆ ಹಸಿರು, ಸೋತ ದಿನಕ್ಕೆ ಕೆಂಪು. ಪಕ್ಕದಲ್ಲಿ ಎರಡೇ ಶಬ್ದ: 'ಮದುವೆ ಊಟ', 'ತೋಟ, ಬಣ್ಣ', ಹೀಗೆ.

ಮೂರು ತಿಂಗಳಾದ ಮೇಲೆ ನೋಡಿದರೆ, ಅಡಿಕೆ ಸುಲಿಯಲು ಕೂತ ದಿನಗಳೆಲ್ಲ ಹಸಿರು! ಮನೆ ತುಂಬ ಜನ ಇದ್ದರೂ ಕೈಗೆ ಒಂದೇ ಕೆಲಸ, ಮೆತ್ತಗಿನ ಮಾತು. ಮದುವೆಯ ಮಾರನೇ ದಿನ ಮಾತ್ರ ಪ್ರತಿ ಸಲವೂ ಕೆಂಪು. ಈಗ ಆ ದಿನ ಸುಮ್ನೆ ಇರುತ್ತೇನೆ, ಮನೆಯವರಿಗೂ ಮೊದಲೇ ಹೇಳಿರುತ್ತೇನೆ. ಬೆಳಗಿನ ಚಹಾ ಆದಮೇಲೆ ಮುಕ್ಕಾಲು ಗಂಟೆ ಚಿತ್ರಕ್ಕೆ. ಫೋನ್ ಒಳಕೋಣೆಯಲ್ಲಿ. ಲೆಕ್ಕ ಆಮೇಲೆ.

ಮುಂದೆ ಏನು ಮಾಡಲಿ ಅನ್ನುವ ಪ್ರಶ್ನೆಗೂ ಚುಕ್ಕಿಗಳೇ ದಾರಿ ತೋರಿಸಿದವು. ಹಸಿರಿನ ಪಕ್ಕ 'ಮಕ್ಕಳಿಗೆ ಚಿತ್ರ' ಅಂತ ಹನ್ನೊಂದು ಸಲ ಬರೆದಿದ್ದೆ. ಈಗ ಭಾನುವಾರ ನಮ್ಮ ಜಗಲಿಯಲ್ಲಿ ಐದು ಮಕ್ಕಳಿಗೆ ಕಲಿಸುತ್ತಿದ್ದೇನೆ. ಜಾಸ್ತಿ ಬೇಡ, ಐದೇ.