ಬಾಡಿಗೆದಾರರಿರುವ ಅಂಗಡಿ-ಖಾನಾವಳಿ ಕಟ್ಟಡವನ್ನು ಕೊಳ್ಳುವ ಮುನ್ನ

ಕಲಬುರಗಿಯ ಸೂಪರ್ ಮಾರ್ಕೆಟ್ ಅಥವಾ ಸ್ಟೇಷನ್ ರಸ್ತೆಯಲ್ಲಿ, ಕೆಳಗೆ ಬಟ್ಟೆ-ಮೊಬೈಲ್ ಅಂಗಡಿಗಳೂ ಮೇಲೆ ಖಾನಾವಳಿಯೂ ಇರುವ ಕಟ್ಟಡ ಮಾರಾಟಕ್ಕೆ ಬಂದರೆ, ಕೊಳ್ಳುವವರು ಮೊದಲು ಓದಬೇಕಾದದ್ದು ಬಾಡಿಗೆ ಕರಾರುಗಳನ್ನು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಹಳೆಯ ಮಾಲೀಕರ ಹಕ್ಕುಗಳ ಜೊತೆಗೆ, ಬಾಡಿಗೆದಾರರು ಬಯಸಿದರೆ, ಆ ಮಾಲೀಕರ ಹೊಣೆಗಳೂ ಹೊಸಬರ ಮೇಲೆ ಬರುತ್ತವೆ.

ನಮ್ಮ ಕಡೆ 11 ತಿಂಗಳ ಕರಾರನ್ನೇ ಮತ್ತೆ ಮತ್ತೆ ಬರೆಸುವ ರೂಢಿಯಿದೆ. ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಲೇಬೇಕಾದ್ದರಿಂದ, ಬರೀ ಬಾಂಡ್ ಪೇಪರಿನ ಮೇಲೆ ಬರೆದ 9 ವರ್ಷದ ಬಾಡಿಗೆಯನ್ನು ನಂಬಿ ಬೆಲೆ ಕಟ್ಟಬಾರದು. ಪಗಡಿ (ಅಂಗಡಿ ಹಿಡಿಯಲು ಒಮ್ಮೆಗೇ ಕೊಡುವ ಹಣ) ಹಾಗೂ ಡಿಪಾಜಿಟ್ಟಿನ ಮಾತು ಇನ್ನೂ ಸೂಕ್ಷ್ಮ: ಎಷ್ಟೋ ಸಲ ಅದು ಬಾಯಿಮಾತಿನಲ್ಲೇ ಇರುತ್ತದೆ. ಇಸಾರ (ಖರೀದಿಯ ಮುಂಗಡ) ಕೊಡುವ ಮೊದಲೇ ಪ್ರತಿಯೊಬ್ಬ ಬಾಡಿಗೆದಾರರನ್ನು ಖುದ್ದಾಗಿ ಕಂಡು, ಬಾಡಿಗೆ, ಡಿಪಾಜಿಟ್, ಬಾಕಿ, ಮುಂಗಡವಾಗಿ ಕೊಟ್ಟ ಹಣ ಇವಿಷ್ಟನ್ನೂ ಬರೆಸಿ ಸಹಿ ಪಡೆಯಿರಿ; ಇದಕ್ಕೆ ಒಪ್ಪದ ಮಾಲೀಕರೊಡನೆ ವ್ಯವಹಾರ ಮುಂದುವರಿಸದಿರುವುದೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖಾನಾವಳಿಯನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಒಲೆಗಳೆಲ್ಲ ಉರಿಯುತ್ತಿರುವಾಗ ನೋಡಬೇಕು. ಹೊಗೆ ಚಿಮಣಿಯಿಂದ ಹೊರಹೋಗುತ್ತಿದೆಯೇ, ಸಿಲಿಂಡರುಗಳು ಗಾಳಿಯಾಡುವ ಜಾಗದಲ್ಲಿವೆಯೇ, ಜಿಡ್ಡು ಕಟ್ಟಿ ಚರಂಡಿ ಪೈಪು ತುಂಬಿದೆಯೇ ಎಂಬುದು ಆಗಲೇ ತಿಳಿಯುತ್ತದೆ. ಪಾತ್ರೆ ತೊಳೆಯುವ ಮೂಲೆಗೆ ಸರಿಯಾಗಿ ಕೆಳಗಿರುವ ಅಂಗಡಿಯ ಚಾವಣಿಯಲ್ಲಿ ಕಂದು ಕಲೆಯಿದ್ದು ಗಿಲಾಯಿ ಉಬ್ಬಿದ್ದರೆ, ನೀರು ಸ್ಲ್ಯಾಬಿನ ಕಬ್ಬಿಣದ ಸಳಿಗೆ ತಲುಪಿರಬಹುದು. ಎಂಜಿನಿಯರರನ್ನು ಕರೆಸಿ, ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಹಾರ ಪರವಾನಗಿ ಖಾನಾವಳಿ ನಡೆಸುವವರ ಹೆಸರಿನಲ್ಲಿರಬೇಕು. ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿನ ಬಾಕಿ ಹೊಸ ಮಾಲೀಕರಿಗೆ ಗಂಟುಬೀಳಬಹುದಾದ್ದರಿಂದ ಪ್ರತಿ ಮೀಟರಿನ ರಸೀದಿಯನ್ನೂ ಕೇಳಿ.

ಲೆಕ್ಕ ಹೀಗೆ: ಬೆಲೆ 1 ಕೋಟಿ 20 ಲಕ್ಷ, ತಿಂಗಳ ಬಾಡಿಗೆ 60 ಸಾವಿರ ಎಂದಿಟ್ಟುಕೊಂಡರೆ ವರ್ಷಕ್ಕೆ 7.2 ಲಕ್ಷ, ಅಂದರೆ ಶೇ. 6. ಆಸ್ತಿ ತೆರಿಗೆ, ವಿಮೆ, ದುರಸ್ತಿ, ಖಾಲಿ ಬೀಳುವ ತಿಂಗಳುಗಳಿಗೆಂದು 1.2 ಲಕ್ಷ ಕಳೆದರೆ ಉಳಿಯುವುದು ಶೇ. 5, ಮುದ್ರಾಂಕ ಮತ್ತು ನೋಂದಣಿ ವೆಚ್ಚ ಸೇರಿಸಿದರೆ ಇನ್ನೂ ಕಡಿಮೆ. ಬ್ಯಾಂಕ್ ಸಾಲದ ಬಡ್ಡಿ ಇದಕ್ಕಿಂತ ಹೆಚ್ಚಿದ್ದರೆ, ಬಾಡಿಗೆಯಿಂದಲೇ ಕಂತು ತೀರುತ್ತದೆಂಬ ಭರವಸೆ ಬೇಡ.

ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಹಾಗೂ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಋಣಭಾರ ಪತ್ರವನ್ನು (ಆಸ್ತಿಯ ಮೇಲಿನ ಸಾಲ-ವ್ಯವಹಾರಗಳ ದಾಖಲೆ) ವಕೀಲರಿಂದ ಪರಿಶೀಲನೆ ಮಾಡಿಸಿ. ನೋಂದಣಿಯಾದ ಕೂಡಲೇ ಬಾಡಿಗೆದಾರರಿಗೆ ಲಿಖಿತ ನೋಟಿಸು ಕೊಡಿ. ಮಾರಾಟದ ಸುದ್ದಿ ತಿಳಿಯದೆ ಅವರು ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ನೀವು ಬಾಡಿಗೆದಾರರಿಂದ ಮತ್ತೆ ಕೇಳಲಾಗದು.