ಬಿಸಿಯಾದ ಮೇಲೆ ನಿಲ್ಲುತ್ತಿದ್ದ ಕಾರ್ಬ್ಯುರೇಟರ್ ಎಂಜಿನ್: ನನ್ನ ಅನುಭವ

ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸಾಧನ) ಇರುವ ನನ್ನ ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಬಿಸಿಯಾದ ನಂತರ ಸಿಗ್ನಲ್‌ನಲ್ಲಿ ಆಫ್ ಆಗುತ್ತಿತ್ತು, ಏರು ಹತ್ತುವಾಗ ಲೋಹ ಬಡಿದಂತೆ ಸದ್ದು ಮಾಡುತ್ತಿತ್ತು. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಿಸಿದರೂ ಫಲ ಸಿಗಲಿಲ್ಲ. ಐಡಲ್ ಸ್ಕ್ರೂ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ ಹೊಂದಿಸುವ ತಿರುಪು) ಬಿಗಿಮಾಡಿ ವೇಗ ಏರಿಸಿದ್ದಂತೂ ದೋಷವನ್ನು ಮರೆಮಾಚಿತಷ್ಟೆ.

ಸಮಸ್ಯೆ ಬಗೆಹರಿದದ್ದು ಗಾಳಿ-ಪೆಟ್ರೋಲ್ ಮಿಶ್ರಣಕ್ಕಿಂತ ಮೊದಲು ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಸರಿಪಡಿಸಿದಾಗ. ಬಯಲಿನಲ್ಲಿ ಕಾರು ನಿಲ್ಲಿಸಿ (ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಾಯಕಾರಿ), ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಅಂಗಿಯ ತೋಳು ಮಡಚಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೆ ಎಂಜಿನ್ ಬಿಸಿಮಾಡಿದೆ. ಡಿಸ್ಟ್ರಿಬ್ಯೂಟರ್‌ನ (ಸಿಲಿಂಡರ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ ಭಾಗ) ವ್ಯಾಕ್ಯೂಮ್ ಕೊಳವೆ ಕಳಚಿ ಅದರ ಬಾಯಿ ಮುಚ್ಚಿ, ಒಂದನೇ ಸಿಲಿಂಡರ್‌ನ ತಂತಿಗೆ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗಿ ಎಂಜಿನ್‌ನ ಟೈಮಿಂಗ್ ಗುರುತು ತೋರಿಸುವ ದೀಪ) ಸಿಕ್ಕಿಸಿ ನೋಡಿದರೆ, ಕಿಡಿ ಕೈಪಿಡಿಯ ಅಳತೆಗಿಂತ 6 ಡಿಗ್ರಿ ಮುಂಚೆಯೇ ಹಾರುತ್ತಿತ್ತು. ಡಿಸ್ಟ್ರಿಬ್ಯೂಟರನ್ನು ಹಿಡಿದಿಟ್ಟಿರುವ ಬೋಲ್ಟ್ ತುಸು ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಗುರುತು ಹೊಂದಿದ ಮೇಲೆ ಬಿಗಿದು, ಮತ್ತೊಮ್ಮೆ ಪರೀಕ್ಷಿಸಿದೆ; ಬಿಗಿಯುವಾಗ ಅದು ಜರುಗುವುದುಂಟು.

ನಂತರ ಕೊಳವೆ ಜೋಡಿಸಿ, ಐಡಲ್ ವೇಗವನ್ನು ಕೈಪಿಡಿಯಲ್ಲಿರುವ 900 ಆರ್‌ಪಿಎಂಗೆ (ನಿಮಿಷಕ್ಕೆ 900 ಸುತ್ತು) ತಂದೆ. ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ, ಪ್ರತಿ ಬಾರಿ ಹತ್ತು ಸೆಕೆಂಡು ಕಾದು, ವೇಗ ಗರಿಷ್ಠವಾದಲ್ಲಿ ನಿಲ್ಲಿಸಿ, ಐಡಲ್ ಸ್ಕ್ರೂವಿನಿಂದ ಪುನಃ 900ಕ್ಕೆ ಇಳಿಸಿದೆ. ಇದನ್ನು ಎರಡು ಬಾರಿ ಮಾಡಬೇಕಾಯಿತು.