ಕೆಟ್ಟು ನಿಂತ ಕಾರಿಗೆ ಹಗ್ಗ ಕಟ್ಟುವ ಮುನ್ನ

ಕೆಟ್ಟು ನಿಂತ ಸಣ್ಣ ಕಾರನ್ನು ಗ್ಯಾರೇಜಿಗೆ ಎಳೆದೊಯ್ಯುವಾಗ ಆಗುವ ಹಾನಿ, ಎಷ್ಟೋ ಸಲ ಮೂಲ ರಿಪೇರಿಗಿಂತ ದುಬಾರಿಯಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಆಲ್ಟೊ ಹಾಸನದ ಹೊರವಲಯದಲ್ಲಿ ಕ್ಲಚ್ ಕೇಬಲ್ ತುಂಡಾಗಿ ನಿಂತಿತು. ನೆರವಿಗೆ ಬಂದವರು ಅವಸರದಲ್ಲಿ ಮುಂಚಕ್ರವನ್ನು ಕಾರಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗೇ ಹಗ್ಗ ಬಿಗಿದರು. ಕೇಬಲ್ಲಿನ ಖರ್ಚು ಅಲ್ಪ. ಬಾಗಿದ ಆರ್ಮ್ ಬದಲಿಸಿ ಅಲೈನ್‌ಮೆಂಟ್ ಮಾಡಿಸಲು ಅದರ ಹಲವು ಪಟ್ಟು ಹಣ ಹೋಯಿತು.

ಆದ್ದರಿಂದ, ಹಗ್ಗ ಕಟ್ಟಿ ಎಳೆಯಬಹುದೇ ಎಂಬುದನ್ನೇ ಮೊದಲು ತೀರ್ಮಾನಿಸಬೇಕು. ಬ್ರೇಕ್ ಅಥವಾ ಸ್ಟೀರಿಂಗ್ ಕೆಟ್ಟಿದ್ದರೆ, ಅಪಘಾತದಲ್ಲಿ ಚಕ್ರ ಓರೆಯಾಗಿದ್ದರೆ, ಶಿರಾಡಿ ಅಥವಾ ಚಾರ್ಮಾಡಿಯಂಥ ಘಾಟಿಯಲ್ಲಿ ಕಾರು ನಿಂತಿದ್ದರೆ ಹಗ್ಗದ ಯೋಚನೆಯನ್ನೇ ಬಿಡಿ. ಆಟೊಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಸುವ ಪಂಪು ಎಂಜಿನ್ ಓಡಿದರೆ ಮಾತ್ರ ಕೆಲಸ ಮಾಡುವುದರಿಂದ, ಎಂಜಿನ್ ನಿಂತ ಕಾರನ್ನು ಎಂಜಿನ್ನಿನ ಶಕ್ತಿ ಪಡೆಯುವ ಚಕ್ರಗಳ ಮೇಲೆ ಉರುಳಿಸಿದರೆ ಒಳಭಾಗಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಎಲೆಕ್ಟ್ರಿಕ್ ಕಾರನ್ನಂತೂ ನಾಲ್ಕೂ ಚಕ್ರ ನೆಲ ಬಿಡುವಂತೆ ಫ್ಲಾಟ್‌ಬೆಡ್ ಲಾರಿಯ ಮೇಲೆಯೇ ಸಾಗಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿ ನೆರವು ಕೇಳಬಹುದು.

ಚಕ್ರ ಎತ್ತಿ ಎಳೆಯುವ ಕ್ರೇನ್ ಬಂದರೆ, ಯಾವ ಚಕ್ರಗಳನ್ನು ಎತ್ತಬೇಕೆಂದು ನೀವೇ ಹೇಳಿ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ಗಳಲ್ಲಿ ಎಂಜಿನ್ನಿನ ಶಕ್ತಿ ಮುಂಚಕ್ರಗಳಿಗೆ ಹೋಗುತ್ತದೆ. ಅವನ್ನು ಮುಂದಿನಿಂದಲೇ ಎತ್ತಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಬೇಕು. ಓಮ್ನಿ, ಈಕೊ, ನ್ಯಾನೊಗಳಲ್ಲಿ ಹಿಂಚಕ್ರಗಳು ಚಾಲನೆಯವು. ಇವಕ್ಕೆ ಫ್ಲಾಟ್‌ಬೆಡ್ಡೇ ಕ್ಷೇಮ. ಲಾರಿಯ ಮೇಲೆ ಕಟ್ಟುವಾಗ ಪಟ್ಟಿಯನ್ನು ಟೈರಿಗೆ ಸುತ್ತಿಸಿ, ಸಸ್ಪೆನ್ಷನ್ ಭಾಗಗಳಿಗೆ ಬಿಗಿಯಲು ಬಿಡಬೇಡಿ.

ಮ್ಯಾನ್ಯುವಲ್ ಗೇರಿನ ಕಾರು, ಸಮತಟ್ಟಾದ ರಸ್ತೆ, ಹತ್ತಿರದ ಗ್ಯಾರೇಜ್ ಇವಿಷ್ಟೂ ಇದ್ದರೆ ಹಗ್ಗ ಸಾಕು. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಜಾಕಿನೊಡನೆ ತುದಿಯಲ್ಲಿ ಬಳೆಯಿರುವ ಒಂದು ದಪ್ಪ ಕಬ್ಬಿಣದ ಕೊಕ್ಕೆ ಇರುತ್ತದೆ. ಬಂಪರಿನ ಒಂದು ಬದಿಯ ಸಣ್ಣ ಪ್ಲಾಸ್ಟಿಕ್ ಮುಚ್ಚಳವನ್ನು ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿದರೆ ಅದರ ಹಿಂದೆ ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಇರುವ ರಂಧ್ರ ಕಾಣುತ್ತದೆ. ಕೊಕ್ಕೆಯನ್ನು ಮೊದಲು ಕೈಯಿಂದಲೇ ತಿರುಗಿಸಿ, ಮರೆ ಸರಿಯಾಗಿ ಕೂತ ಮೇಲೆ ಬಳೆಯೊಳಗೆ ವೀಲ್ ಪಾನಾದ ಹಿಡಿ ತೂರಿಸಿ, ಕೊನೆಯವರೆಗೂ ಬಿಗಿಯಬೇಕು. ಅರ್ಧ ಕೂತ ಕೊಕ್ಕೆ ಎಳೆತಕ್ಕೆ ಕಿತ್ತು ಬರುತ್ತದೆ. ಫೋಕ್ಸ್‌ವ್ಯಾಗನ್ ಪೋಲೊದಂಥ ಕಾರಿನಲ್ಲಿ ಮರೆ ಎಡಮುಖದ್ದಾದ್ದರಿಂದ ಅಪ್ರದಕ್ಷಿಣವಾಗಿ ತಿರುಗಿಸಬೇಕು. ಹಳೆಯ ಕಾರುಗಳಲ್ಲಿ ಕೊಕ್ಕೆ ಅಡಿಯಲ್ಲೇ ಬೆಸುಗೆಯಾಗಿರುತ್ತದೆ. ಬಂಪರಿಗಾಗಲಿ, ಆಕ್ಸಲ್‌ಗಾಗಲಿ ಎಂದೂ ಹಗ್ಗ ಕಟ್ಟಬೇಡಿ.

ಕಬ್ಬಿಣದ ಸರಪಳಿಗಿಂತ ಅಗಲವಾದ ನೈಲಾನ್ ಪಟ್ಟಿ ಮೇಲು. ಅದು ತುಸು ಹಿಗ್ಗಿ ಜಗ್ಗನ್ನು ತಾನೇ ಹೀರಿಕೊಳ್ಳುತ್ತದೆ. ನಮ್ಮ ರಸ್ತೆ ನಿಯಮದ ಪ್ರಕಾರ ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಿಂದಿನ ಕಾರಿನಲ್ಲಿ ಲೈಸೆನ್ಸ್ ಇರುವವರೇ ಕೂರಬೇಕು. ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟಿ, ಬಿಗಿದ ಹಗ್ಗದ ಬಳಿ ಯಾರನ್ನೂ ನಿಲ್ಲಗೊಡಬೇಡಿ.

ಹೊರಡುವ ಮುನ್ನ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ. ಕೀಲಿ ತೆಗೆದರೆ ಸ್ಟೀರಿಂಗ್ ಲಾಕ್ ಆಗಿ ಕಾರು ನೇರ ಎದುರಿನ ವಾಹನಕ್ಕೆ ನುಗ್ಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿದ್ದು, ಹ್ಯಾಂಡ್‌ಬ್ರೇಕ್ ಇಳಿದಿದ್ದು, ಹಜಾರ್ಡ್ ದೀಪಗಳು ಮಿನುಗುತ್ತಿರಬೇಕು. ಎಂಜಿನ್ ಓಡದಿದ್ದಾಗ ಬ್ರೇಕ್ ಪೆಡಲ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಇದು ದೋಷವಲ್ಲ, ಆದರೆ ಮೊದಲ ತಿರುವಿನಲ್ಲಿ ಅನುಭವಕ್ಕೆ ಬಂದರೆ ಗಾಬರಿಯಾಗುತ್ತದೆ. ನಿಂತಲ್ಲೇ ಒಮ್ಮೆ ಒತ್ತಿ, ತಿರುಗಿಸಿ ನೋಡಿಕೊಳ್ಳಿ.

ಮುಂದಿನ ಚಾಲಕರು ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟು, ಹಗ್ಗದ ಸಡಿಲ ಪೂರ್ತಿ ಹೋದ ಮೇಲಷ್ಟೇ ವೇಗ ಕೊಡಬೇಕು; ಗಂಟೆಗೆ 20 ಕಿ.ಮೀ. ಸಾಕು. ಹಗ್ಗವನ್ನು ಬಿಗಿಯಾಗಿಡುವ ಹೊಣೆ ಹಿಂದಿನವರದು: ಮುಂದಿನ ವಾಹನ ನಿಧಾನಿಸುವ ಸೂಚನೆ ಕಂಡೊಡನೆ ತಾವೇ ಮೊದಲು ಬ್ರೇಕನ್ನು ಹದವಾಗಿ ಒತ್ತಬೇಕು. ಸಡಿಲವಾದ ಹಗ್ಗದ ಮೇಲೆ ಮುಂಚಕ್ರ ಹತ್ತಿದರೆ ಮರುಕ್ಷಣ ಜಗ್ಗಿದ ರಭಸಕ್ಕೆ ಕೊಕ್ಕೆಯೇ ಬಾಗಬಹುದು. ನಿಲ್ಲಲು ಒಂದು ಹಾರ್ನ್, ತುರ್ತಿಗೆ ಎರಡು ಎಂದು ಮೊದಲೇ ಮಾತಾಡಿಕೊಳ್ಳಿ.

ಗ್ಯಾರೇಜ್ ತಲುಪಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲಷ್ಟೇ ಹಗ್ಗ ಬಿಚ್ಚಿ. ಕೊಕ್ಕೆಯನ್ನು ಒರೆಸಿ ಡಿಕ್ಕಿಯಲ್ಲಿ ಅದರ ಜಾಗದಲ್ಲೇ ಇಡಿ.